ಸೈಕಲ್ ಓಟದಲ್ಲಿ ಗಾಳಿಯ ಲೆಕ್ಕ

(ಬಾನುಲಿ ಭಾಷಣ)

ಆಷಾಢದಲ್ಲಿ ಮಧುಗಿರಿಯಿಂದ ಮಿಡಿಗೇಶಿಯ ಮೇಲೆ ಪಾವಗಡದ ಕಡೆಗೆ ಸೈಕಲ್ ತುಳಿದವರಿಗೆ ನಾನು ಇಂದು ಹೇಳಹೊರಟಿರುವ ವಿಷಯದ ಮುಕ್ಕಾಲು ಪಾಲು ಆಗಲೇ ಗೊತ್ತಿರುತ್ತದೆ. ರಸ್ತೆ ಬಡಗಣಕ್ಕೆ ಹೋಗುತ್ತದೆ, ಗಾಳಿ ಪಡುವಣದಿಂದ ಬೀಸುತ್ತದೆ. ಎಡಗಿವಿಯಲ್ಲಿ ಹೊಕ್ಕ ಗಾಳಿಯ ಸದ್ದು ಊರು ಮುಟ್ಟಿದರೂ ಇಳಿಯುವುದಿಲ್ಲ. ಮೂವರು ಜೊತೆಯಾಗಿ ಹೊರಟರೆ ಸ್ವಲ್ಪ ಹೊತ್ತಿನಲ್ಲಿಯೇ ಯಾರೂ ಹೇಳಿಕೊಡದೆ ಒಂದು ಏರ್ಪಾಡು ತಾನಾಗಿ ಆಗಿಬಿಡುತ್ತದೆ: ಗಟ್ಟಿಮುಟ್ಟಾದವನು ಎಡಕ್ಕೆ ಮುಂದೆ, ಉಳಿದಿಬ್ಬರು ಅವನ ಬಲಗಡೆಗೆ, ಒಬ್ಬನಿಗಿಂತ ಒಬ್ಬ ಅಷ್ಟಷ್ಟು ಹಿಂದೆ. ಯೂರೋಪಿನ ಬೆಲ್ಜಿಯಂ ದೇಶದ ಬಯಲುಗಳಲ್ಲಿ ಲಕ್ಷಾಂತರ ಜನ ನಿಂತು ನೋಡುವ ಓಟಗಳಲ್ಲಿ ಇದೇ ಓರೆಸಾಲನ್ನು ದೊಡ್ಡ ವಿದ್ಯೆಯೆಂದು ಕಲಿಸುತ್ತಾರೆ.

ಕನ್ನಡದ ಮೇಷ್ಟರಿಗೆ ಸೈಕಲ್ ಓಟದ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ನನ್ನ ಹಳ್ಳಿ ಚನ್ನರಾಯನದುರ್ಗದ ಬುಡದಲ್ಲಿದೆ. ಪ್ರೌಢಶಾಲೆಗೆ ಮಧುಗಿರಿಗೆ ಹೋಗಿಬರುತ್ತಿದ್ದುದು ತಂದೆಯವರ ಹಳೆಯ ಸೈಕಲ್ಲಿನ ಮೇಲೆ. ಆ ಕಾಲದ ಋಣ ಒಂದು. ಎರಡನೆಯದು ನನ್ನ ವಿದ್ಯಾರ್ಥಿಯೊಬ್ಬನ ಋಣ. ಅದನ್ನು ಆಮೇಲೆ ಹೇಳುತ್ತೇನೆ.

ಸೈಕಲ್ ಓಟಗಳಲ್ಲಿ ಎರಡು ಜಾತಿ. ಫ್ರಾನ್ಸಿನ ಪ್ರಸಿದ್ಧ ಪ್ರವಾಸ ಓಟದಂತೆ ಮೂರು ವಾರ ನಡೆದು, ದಿನದಿನದ ಕಾಲವನ್ನು ಕೂಡಿಸಿ ಗೆದ್ದವನನ್ನು ನಿರ್ಣಯಿಸುವುದು ಒಂದು ಬಗೆ. ಬೆಳಿಗ್ಗೆ ಹೊರಟು ಸಂಜೆಯೊಳಗೆ ಮುಗಿದು, ಮೊದಲು ಗೆರೆ ದಾಟಿದವನೇ ಗೆದ್ದವನೆಂದು ಹೇಳುವುದು ಇನ್ನೊಂದು. ಈ ಎರಡನೆಯದರಲ್ಲಿ ನಾಳೆ ಎಂಬುದಿಲ್ಲ. ಬೆಲ್ಜಿಯಂನ ಲಿಯೇಜ್-ಬಾಸ್ತೋನ್-ಲಿಯೇಜ್ 1892ರಲ್ಲಿಯೂ, ಕಲ್ಲುಹಾಸಿನ ರಸ್ತೆಗಳಿಗೆ ಹೆಸರಾದ ಫ್ರಾನ್ಸಿನ ಪ್ಯಾರಿಸ್-ರೂಬೆ 1896ರಲ್ಲಿಯೂ, ಇಟಲಿಯ ಮಿಲಾನ್-ಸ್ಯಾನ್ ರೆಮೊ 1907ರಲ್ಲಿಯೂ ಆರಂಭವಾದವು. ನಮ್ಮ ನೆರೆಯಲ್ಲಿ ಮುಂಬಯಿ-ಪುಣೆ ಓಟವಿದೆ. ಅದರಲ್ಲಿ ಭೋರ್ ಘಾಟನ್ನು ಮೊದಲು ಏರಿದವನಿಗೆ ‘ಘಾಟಿನ ರಾಜ’ ಎಂಬ ಬೇರೆಯೇ ಬಿರುದು. ಘಾಟಿನ ರಾಜನೇ ಪುಣೆಯಲ್ಲಿ ಗೆಲ್ಲಬೇಕೆಂದಿಲ್ಲ. ಇದು ಏಕೆ ಹೀಗೆ ಎಂಬುದನ್ನು ಅರಿತರೆ ಈ ಆಟದ ಗುಟ್ಟು ಅರಿತಂತೆ.

ಗುಟ್ಟಿರುವುದು ಗಾಳಿಯಲ್ಲಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು; ಅದನ್ನು ಮೀರಿ ಹೋಗಲು ಬೇಕಾದ ಶಕ್ತಿ ಎಂಟರಷ್ಟು. ಸಮನೆಲದಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಸವಾರ ತನ್ನ ಶ್ರಮದ ಬಹುಭಾಗವನ್ನು ಗಾಳಿಯನ್ನು ಸೀಳುವುದಕ್ಕೇ ಸುರಿಯುತ್ತಾನೆ. ಅವನ ಹಿಂಗಾಲಿಗೆ ಒಂದು ಗೇಣು ಬಿಟ್ಟು ಅಂಟಿಕೊಂಡು ಬರುವವನಿಗೆ ಈ ಶ್ರಮದಲ್ಲಿ ಹೆಚ್ಚುಕಡಮೆ ಮೂರನೆಯ ಒಂದು ಪಾಲು ಉಳಿಯುತ್ತದೆ. ದೊಡ್ಡ ಗುಂಪಿನ ನಡುವೆ ಹುದುಗಿದವನ ಸುಖವನ್ನಂತೂ ಕೇಳುವಂತಿಲ್ಲ. 2018ರಲ್ಲಿ ಹಾಲೆಂಡಿನ ಐಂಡ್‌ಹೋವನ್ನಿನ ವಿಜ್ಞಾನಿ ಬರ್ಟ್ ಬ್ಲಾಕನ್ ಮತ್ತು ಸಂಗಡಿಗರು 121 ಸವಾರರ ಗುಂಪಿನ ಮಾದರಿಯನ್ನು ಪರೀಕ್ಷಿಸಿದರು. ನಡುಹಿಂಭಾಗದಲ್ಲಿರುವವನಿಗೆ ತಗಲುವ ತಡೆ, ಒಂಟಿ ಸವಾರನಿಗೆ ತಗಲುವುದರ 100ರಲ್ಲಿ 5ರಿಂದ 10 ಪಾಲು ಮಾತ್ರ ಎಂದು ಕಂಡಿತು!

ಆದುದರಿಂದ ಮುಂದೆ ಇರುವವನು ದುಡಿಯುತ್ತಾನೆ, ಹಿಂದೆ ಇರುವವನು ಕೂಡಿಡುತ್ತಾನೆ. ಕಾಲ್ನಡಿಗೆಯ ಓಟದಲ್ಲಿ ಎಲ್ಲರಿಗಿಂತ ಬಲವುಳ್ಳವನು ಮುಂದೆ ಹೋದರೆ ಸಾಮಾನ್ಯವಾಗಿ ಗೆದ್ದೇಬಿಡುತ್ತಾನೆ. ಇಲ್ಲಿ ಬಲವುಳ್ಳವನು ಮುಂದೆ ಹೋದರೆ ಉಳಿದವರಿಗೆ ಚಪ್ಪರ ಹಾಕಿಕೊಟ್ಟಂತೆ. ಯಾರು ದುಡಿಯಬೇಕು, ಯಾರು ದುಡಿಯದೆ ಉಣ್ಣಬೇಕು ಎಂಬ ಮೌನವಾದ ಜಗಳವೇ ಈ ಓಟ. ಐದಾರು ಗಂಟೆಗಳ ಕಾಲ ಅದು ನಡೆಯುತ್ತದೆ.

ಸವಾರರ ಬಲವೂ ಒಂದೇ ಬಗೆಯದಲ್ಲ. ಹತ್ತು ಹದಿನೈದು ಸೆಕೆಂಡುಗಳ ಕಾಲ ಸಾವಿರ ವ್ಯಾಟಿಗೂ ಮೀರಿ ಶಕ್ತಿಯನ್ನು ಸಿಡಿಸಬಲ್ಲ, ದಪ್ಪ ತೊಡೆಯ ಮಿಂಚುಗಾರನಿದ್ದಾನೆ. ಅವನಿಗೆ ಬೇಕಾದುದು ಕೊನೆಯ 200 ಮೀಟರ್. ಅಲ್ಲಿಯವರೆಗೆ ಅವನನ್ನು ಗಾಳಿ ಸೋಕದಂತೆ ಯಾರಾದರೂ ಹೊತ್ತು ತರಬೇಕು. ಏರುವವನಿದ್ದಾನೆ: ಮೈ ಹಗುರ, ಉಸಿರು ಅಗಾಧ. ಏರಿನಲ್ಲಿ ವೇಗ ಇಳಿಯುವುದರಿಂದ ಗಾಳಿಯ ಮರೆ ಅಷ್ಟಾಗಿ ಉಪಕರಿಸುವುದಿಲ್ಲ. ಅಲ್ಲಿ ಎದುರಾಳಿ ಸ್ವಂತ ತೂಕ. ನಂದಿಬೆಟ್ಟವನ್ನು ಸೈಕಲ್ಲಿನಲ್ಲಿ ಹತ್ತುವ ಬೆಂಗಳೂರಿನ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರನೆಯವನು ಗಡಿಯಾರದ ಸವಾರ. ಒಂದೇ ಸಮನಾದ ವೇಗದಲ್ಲಿ ಮುಖ ತಗ್ಗಿಸಿ ಒಂಟಿಯಾಗಿ ಗಂಟೆಗಟ್ಟಲೆ ತುಳಿಯಬಲ್ಲವನು. ಬೆಂಗಳೂರಿನಲ್ಲಿ ನೆಲೆಸಿ, ಒಂಟಿ ಕಾಲಮಾಪನ ಓಟದಲ್ಲಿ ಒಂದಕ್ಕಿಂತ ಹೆಚ್ಚು ಸಲ ರಾಷ್ಟ್ರೀಯ ವಿಜೇತರಾಗಿ, 2016ರಲ್ಲಿ ದೋಹಾದ ವಿಶ್ವ ಸ್ಪರ್ಧೆಯಲ್ಲಿ ಭಾಗವಹಿಸಿದ ನವೀನ್ ಜಾನ್ ಈ ಬಗೆಯ ಸವಾರರು. ಇನ್ನೂ ಒಬ್ಬನಿದ್ದಾನೆ. ಎರಡು ಮೂರು ನಿಮಿಷದ ಕಡಿದಾದ ದಿಣ್ಣೆಗಳಲ್ಲಿ ಪದೇ ಪದೇ ಪುಟಿಯುವವನು. ಒಂದು ದಿನದ ಓಟಗಳ ಇತಿಹಾಸದಲ್ಲಿ ಹೆಚ್ಚಿನ ಹೆಸರುಗಳು ಈ ಜಾತಿಯವೇ. ಎಲ್ಲ ಬಲಗಳೂ ಒಬ್ಬನಲ್ಲೇ ಕೂಡಿಬಂದುದು ಅಪರೂಪ. ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1966ರಿಂದ 1976ರ ನಡುವೆ ಮಿಲಾನ್-ಸ್ಯಾನ್ ರೆಮೊ ಒಂದನ್ನೇ ಏಳು ಸಲ ಗೆದ್ದನು.

ಇನ್ನು ತಂತ್ರಗಳನ್ನು ನಮ್ಮ ರಸ್ತೆಗಳ ಮೇಲೆಯೇ ನೋಡೋಣ. ನಾನು ಎಷ್ಟೋ ಸಲ ಮನಸ್ಸಿನಲ್ಲಿ ಓಡಿಸಿರುವ ಒಂದು ಓಟವಿದೆ. ಆಷಾಢದ ಒಂದು ಬೆಳಿಗ್ಗೆ ಕೊರಟಗೆರೆಯಿಂದ ಹೊರಟು, ಚನ್ನರಾಯನದುರ್ಗದ ಕೋಟೆಯನ್ನು ದೂರದಿಂದ ನೋಡುತ್ತ ಮಧುಗಿರಿ, ಅಲ್ಲಿಂದ ಪಾವಗಡ, ಪಾವಗಡದಿಂದ ಸಿರಾ, ಸಿರಾದಿಂದ ಮರಳಿ ಮಧುಗಿರಿಯ ಏಕಶಿಲಾ ಬೆಟ್ಟದ ಬುಡಕ್ಕೆ. ಬೆಟ್ಟಗಳ ನಾಡಿದು, ಆದರೆ ನಮ್ಮ ದುರ್ಗಗಳಿಗೆ ಮೆಟ್ಟಿಲುಗಳುಂಟು, ರಸ್ತೆಯಿಲ್ಲ. ರಸ್ತೆಯೆಲ್ಲ ಬಂಡೆಗಳನ್ನು ಬಳಸಿಕೊಂಡು ಹೋಗುತ್ತದೆ. ಏರುವವನು ಕೈಕಟ್ಟಿ ಬೆಟ್ಟ ನೋಡಬೇಕಾದೀತು.

ಹೊರಟ ಸ್ವಲ್ಪ ಹೊತ್ತಿಗೆ ನಾಲ್ಕೈದು ಮಂದಿ ಗುಂಪನ್ನು ಬಿಟ್ಟು ಮುಂದೆ ಹಾರುತ್ತಾರೆ. ಗುಂಪು ಅವರನ್ನು ಬಿಟ್ಟುಕೊಡುತ್ತದೆ, ಸೋಮಾರಿತನದಿಂದಲ್ಲ, ಲೆಕ್ಕದಿಂದ. ಐವರು ಸರದಿಯ ಮೇಲೆ ಗಾಳಿಗೆ ಎದೆಯೊಡ್ಡಿದರೂ ನೂರು ಜನರಷ್ಟು ಬಾಳಿಕೆ ಅವರಿಗಿಲ್ಲ. ರಾಬೇರ್ ಶಾಪಾತ್ ಎಂಬ ಫ್ರೆಂಚ್ ವಿವರಣೆಕಾರರ ಹೆಸರಿನಲ್ಲಿ ಒಂದು ಸ್ಥೂಲ ನಿಯಮವಿದೆ: ಗುಂಪು ಮನಸ್ಸು ಮಾಡಿದರೆ ಕೊನೆಯ ಹಂತದಲ್ಲಿ 10 ಕಿಲೋಮೀಟರಿಗೆ ಒಂದು ನಿಮಿಷವನ್ನು ಕಿತ್ತುಕೊಳ್ಳಬಲ್ಲುದು. ಆದುದರಿಂದ ಮುಂದಿನವರು ತೀರ ದೂರವೂ ಹೋಗಬಾರದು, ತೀರ ಬೇಗನೆ ಸಿಕ್ಕಲೂ ಬಾರದು. ಬೇಗ ಸಿಕ್ಕರೆ ಹೊಸಬರು ಹಾರುತ್ತಾರೆ, ಮತ್ತೆ ಅಟ್ಟಬೇಕು.

ಮಿಡಿಗೇಶಿಯ ದಾರಿಯಲ್ಲಿ ಅಡ್ಡಗಾಳಿ. ನಾನು ಮೊದಲು ಹೇಳಿದ ಓರೆಸಾಲು ಇಲ್ಲಿ ಕತ್ತಿಯಾಗುತ್ತದೆ. ಗಾಳಿ ಎಡದಿಂದ ಬರುವಾಗ ಮರೆ ಸಿಕ್ಕುವುದು ಮುಂದಿನವನ ಬಲಹಿಂಬದಿಯಲ್ಲಿ. ರಸ್ತೆಯ ಅಗಲ ಇರುವಷ್ಟೇ ಮಂದಿಗೆ ಆ ಓರೆಯಲ್ಲಿ ಎಡೆ; ಹತ್ತೋ ಹನ್ನೆರಡೋ. ಹದಿಮೂರನೆಯವನು ಬಲದಂಚಿನ ಮಣ್ಣಿಗೆ ಬಂದು, ಮರೆಯಿಲ್ಲದೆ ಉದ್ದ ಸಾಲಿನಲ್ಲಿ ನರಳುತ್ತಾನೆ. ಅವನ ಮುಂದೆ ಒಂದು ಮಾರು ಬಿರುಕು ಬಿಟ್ಟಿತೋ, ಗುಂಪು ಹರಿಯಿತು. ಬೆಟ್ಟವಿಲ್ಲದ ನೆಲದಲ್ಲಿ ಓಟವನ್ನು ಒಡೆಯುವುದು ಹೀಗೆ. ಜಾಣತಂಡ ಆ ತಿರುವು ಬರುವುದಕ್ಕೆ ಮೊದಲೇ ಮುಂದೆ ಬಂದು ನಿಂತಿರುತ್ತದೆ. ಕಾಲಿನ ಬಲದಷ್ಟೇ ರಸ್ತೆಯ ನಕ್ಷೆಯೂ ದಿಕ್ಕಿನ ಅರಿವೂ ಬೇಕೆಂದು ಹೇಳುವುದು ಇದಕ್ಕೇ.

ಪಾವಗಡದಿಂದ ಸಿರಾಕ್ಕೆ ತಿರುಗಿದರೆ ಗಾಳಿ ನೇರ ಮುಖಕ್ಕೆ. ಇಲ್ಲಿ ಒಂಟಿಯಾಗಿ ಹಾರುವವನು ಮೂರ್ಖ. ಎಲ್ಲರೂ ಬೆನ್ನಹಿಂದೆ ಅಡಗುತ್ತಾರೆ, ಓಟ ತೂಕಡಿಸುತ್ತದೆ. ಸಿರಾ ದಾಟಿ ಮೂಡಣಕ್ಕೆ ತಿರುಗಿದೊಡನೆ ಅದೇ ಗಾಳಿ ಬೆನ್ನು ತಟ್ಟುತ್ತದೆ. ಗಡಿಯಾರದ ಸವಾರ ಹಾರಬೇಕಾದುದು ಇಲ್ಲಿ, ಏಕೆಂದರೆ ಬೆನ್ನಗಾಳಿಯಲ್ಲಿ ಹಿಂದೆ ಅಡಗಿದವನಿಗೆ ಲಾಭ ಕಡಿಮೆ. ಮಿಂಚುಗಾರನ ತಂಡದವರು ಅವನನ್ನು ಹಿಡಿಯಲು ಸರದಿಯಲ್ಲಿ ತಮ್ಮನ್ನು ಸುಟ್ಟುಕೊಳ್ಳುತ್ತಾರೆ. ಏಳು ಜನರ ತಂಡದಲ್ಲಿ ಐದಾರು ಮಂದಿಯ ಕಸುಬು ಇದೇ: ನೀರಿನ ಶೀಸೆ ತರುವುದು, ಗಾಳಿ ತಡೆಯುವುದು, ನಾಯಕನ ಚಕ್ರ ಕೆಟ್ಟರೆ ತನ್ನದನ್ನು ಬಿಚ್ಚಿಕೊಡುವುದು, ಆಮೇಲೆ ಬದಿಗೆ ಸರಿದು ಹಿಂದುಳಿಯುವುದು.

ಅಟ್ಟುವ ಹೊಣೆಯನ್ನು ‘ಅವರು ಮಾಡಲಿ, ನಾವೇಕೆ’ ಎಂದು ಒಬ್ಬರ ಮೇಲೊಬ್ಬರು ಹಾಕಿದರೆ ಏನಾದೀತೆಂಬುದಕ್ಕೆ 2021ರ ಜುಲೈ 25ರಂದು ಟೋಕಿಯೋ ಒಲಿಂಪಿಕ್ಸಿನ ಮಹಿಳೆಯರ ಓಟಕ್ಕಿಂತ ಒಳ್ಳೆಯ ಕಥೆ ನನಗೆ ತಿಳಿಯದು. ಒಟ್ಟು ದೂರ 137 ಕಿಲೋಮೀಟರ್. ಹಾಲೆಂಡಿನ ನಾಲ್ವರು ಸವಾರರು ಜಗತ್ತಿನ ಅಗ್ರಗಣ್ಯರು. ಯಾರ ಬಾಯಲ್ಲಿ ನೋಡಿದರೂ ಅವರದೇ ಹೆಸರು. ಆಸ್ಟ್ರಿಯಾದಿಂದ ಬಂದವಳು ಒಬ್ಬಳೇ, ಆನಾ ಕೀಸನ್‌ಹೋಫರ್. ಗಣಿತದಲ್ಲಿ ಡಾಕ್ಟರೇಟ್ ಪಡೆದು ಸ್ವಿಟ್ಜರ್ಲೆಂಡಿನ ಲೋಸಾನಿನಲ್ಲಿ ಸಂಶೋಧನೆ, ಬೋಧನೆ ಮಾಡುತ್ತಿದ್ದಾಕೆ. ಆ ವರ್ಷ ಯಾವ ವೃತ್ತಿತಂಡದಲ್ಲಿಯೂ ಆಕೆಗೆ ಸ್ಥಾನವಿರಲಿಲ್ಲ. ಓಟ ಆರಂಭವಾದೊಡನೆ ಹಾರಿದ ಐವರಲ್ಲಿ ಆಕೆ ಒಬ್ಬಳು. ಅಂತರ ಹತ್ತು ನಿಮಿಷವನ್ನು ಮೀರಿತು. ಅಟ್ಟಬೇಕಾದ ತಂಡಗಳು ಡಚ್ಚರ ಮುಖ ನೋಡಿದವು. ಡಚ್ಚರು ತಮ್ಮ ನಾಲ್ವರಲ್ಲಿ ಯಾರ ಕಾಲನ್ನೂ ಸವೆಸಲು ಒಲ್ಲದೆ ಇತರರ ಮುಖ ನೋಡಿದರು. ಗುರಿಗೆ 40 ಕಿಲೋಮೀಟರ್ ಇದೆ ಎನ್ನುವಾಗ ಆಕೆ ಉಳಿದ ಇಬ್ಬರು ಸಂಗಾತಿಗಳನ್ನೂ ಬಿಟ್ಟು ಒಂಟಿಯಾದಳು.

ಒಲಿಂಪಿಕ್ಸಿನಲ್ಲಿ ಸವಾರರ ಕಿವಿಗೆ ರೇಡಿಯೋ ಇರಲಿಲ್ಲ. ಕೊನೆಗೂ ಗುಂಪು ಎದ್ದು ಅಟ್ಟಿ, ಮುಂದಿದ್ದ ಇಬ್ಬರನ್ನು ಹಿಡಿದಾಗ ಡಚ್ಚರು ಎಲ್ಲರನ್ನೂ ಹಿಡಿದೆವೆಂದು ನಂಬಿದರು. ಇನ್ನೊಬ್ಬಳು ಮುಂದಿರುವುದನ್ನು ಅವರು ಮರೆತಿದ್ದರು! ಆನೆಮೀಕ್ ಫಾನ್ ಫ್ಲೂಟನ್ ಗೆದ್ದೆನೆಂದು ಎರಡು ಕೈಗಳನ್ನೂ ಎತ್ತಿಕೊಂಡು ಗೆರೆ ದಾಟಿದಳು. ಗಣಿತದ ಅಧ್ಯಾಪಕಿ ಅದಕ್ಕೆ 75 ಸೆಕೆಂಡುಗಳಷ್ಟು ಮೊದಲೇ ದಾಟಿ ನೆಲದ ಮೇಲೆ ಮಲಗಿದ್ದಳು. ರೇಡಿಯೋದಲ್ಲಿ ಮಾತನಾಡುತ್ತಿರುವ ನನಗೆ ಈ ಕಥೆಯನ್ನು ಹೇಳುವಾಗ ಸ್ವಲ್ಪ ಅಭಿಮಾನವೂ ಆಗುತ್ತದೆ. ಆದರೆ ಆಕೆಯದು ಅದೃಷ್ಟ ಮಾತ್ರ ಎನ್ನುವವರ ಮಾತನ್ನು ನಾನು ಒಪ್ಪೆ. ಹಿಂದಿನವರು ಜಗಳವಾಡುತ್ತಾರೆಂದು ಎಣಿಸುವುದೂ ಈ ಆಟದಲ್ಲಿ ಒಂದು ಎಣಿಕೆಯೇ.

ಈಗ ನನ್ನ ವಿದ್ಯಾರ್ಥಿಯ ಮಾತು. ನಮ್ಮ ಹೋಬಳಿಯ ಹುಡುಗ. ತರಗತಿಯಲ್ಲಿ ಹಿಂದಿನ ಬೆಂಚು, ರಸ್ತೆಯಲ್ಲಿ ಮುಂದಿನ ಸಾಲು. ತೊಂಬತ್ತರ ದಶಕದಲ್ಲಿ ಅಂತರ ವಿಶ್ವವಿದ್ಯಾಲಯ ಓಟವೊಂದಕ್ಕೆ ಆಯ್ಕೆಯಾದ. ತಂಡದ ಮಿಂಚುಗಾರನನ್ನು ಬೆನ್ನಿನಲ್ಲಿಟ್ಟುಕೊಂಡು ಎರಡು ಗಂಟೆ ಗಾಳಿಗೆ ಎದುರಾಗಿ ತುಳಿದ. ಗೆರೆಗೆ ಒಂದು ಮೈಲಿ ಇರುವಾಗ ಕಾಲು ಸೋತು ಸರಿದ. ಮಿಂಚುಗಾರನಿಗೆ ಕಂಚು ಬಂದಿತು, ಇವನಿಗೆ ‘ಭಾಗವಹಿಸಿದ್ದಾರೆ’ ಎಂಬ ಕಾಗದ. ಮುಂದೆ ಕ್ರೀಡಾಪಟುಗಳಿಗೆಂದು ಮೀಸಲಾದ ಒಂದು ಕೆಲಸಕ್ಕೆ ಅರ್ಜಿ ಹಾಕಿದಾಗ ಆ ಕಾಗದವನ್ನು ಅಲ್ಲಿಯವರು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟರಂತೆ. ‘ಗಾಳಿ ಕುಡಿದವನು ನಾನು ಸಾರ್, ಅದಕ್ಕೆ ಸರ್ಟಿಫಿಕೇಟು ಯಾರು ಕೊಡುತ್ತಾರೆ’ ಎಂದು ನನ್ನೆದುರು ನಕ್ಕ. ಆ ನಗೆ ನನಗೆ ಇನ್ನೂ ಮರೆತಿಲ್ಲ.

ಇದು ಒಬ್ಬನ ದುಃಖವಲ್ಲವೆಂದೇ ಹೇಳುತ್ತಿದ್ದೇನೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ದಶಕಗಳಿಂದ ನಾಡಿಗೆ ಸೈಕಲ್ ಪಟುಗಳನ್ನು ಕೊಟ್ಟಿವೆ. ಅಲ್ಲಿ ಸರ್ಕಾರದ ಕ್ರೀಡಾನಿಲಯಗಳಿವೆ. ಬೆಳಗಾವಿ ಜಿಲ್ಲೆಯ ಚಂದರಗಿಯಲ್ಲಿ ಕ್ರೀಡಾಶಾಲೆಯಿದೆ. ಒಕ್ಕಲು ಮಕ್ಕಳು ಕರಿಮಣ್ಣಿನ ಬಯಲ ಹೆದ್ದಾರಿಗಳಲ್ಲಿ ನಸುಕಿನಲ್ಲಿಯೇ ತುಳಿಯುತ್ತಾರೆ. ಅವರ ಗುರಿ ರೈಲ್ವೆಯ, ಸೈನ್ಯದ ಒಂದು ನೌಕರಿ. ನೌಕರಿಗೆ ಬೇಕಾದುದು ಮೊದಲ ಮೂರು ಸ್ಥಾನಗಳ ಪದಕ. ಒಂಟಿಯಾಗಿ ಗಡಿಯಾರದೊಡನೆ ಹೋರಾಡುವ ಓಟದಲ್ಲಿ ಇದು ನ್ಯಾಯವಾದ ತಕ್ಕಡಿ. ಗುಂಪಿನ ಓಟದಲ್ಲಿ ಮಾತ್ರ ತನ್ನ ಹೊಟ್ಟೆಯ ಮೇಲೆ ತಾನೇ ಹೊಡೆದುಕೊಂಡು ಇನ್ನೊಬ್ಬನಿಗೆ ಗಾಳಿ ತಡೆಯೆಂದು ಬಡವರ ಹುಡುಗನಿಗೆ ಯಾವ ಬಾಯಿಂದ ಹೇಳುವುದು? ಯೂರೋಪಿನ ತಂಡಗಳಲ್ಲಿ ಗಾಳಿ ತಡೆಯುವವನಿಗೆ ಅದಕ್ಕಾಗಿಯೇ ಸಂಬಳವುಂಟು. ಗೆದ್ದವನು ಬಹುಮಾನದ ಹಣವನ್ನು ತಂಡದವರೊಡನೆ ಹಂಚಿಕೊಳ್ಳುವ ರೂಢಿಯುಂಟು. ತಂಡವನ್ನು ಗೆಲ್ಲಿಸಿದ ಸಹಸವಾರರ ಹೆಸರನ್ನೂ ಪ್ರಮಾಣಪತ್ರದಲ್ಲಿ ಬರೆದು, ಅದಕ್ಕೂ ಇಷ್ಟು ಅಂಕವೆಂದು ನಮ್ಮವರು ಗೊತ್ತುಮಾಡಬಾರದೇಕೆ? ಕಬಡ್ಡಿಯಲ್ಲಿ ಗೆದ್ದ ತಂಡದ ಎಲ್ಲರಿಗೂ ಪದಕ ಕೊಡುವುದಿಲ್ಲವೆ?

ಹೋದ ಆಷಾಢದಲ್ಲಿ ಊರಿಗೆ ಹೋಗಿದ್ದೆ. ಸಂಜೆ ಮಧುಗಿರಿಯ ಶಾಲೆ ಬಿಟ್ಟು ತೆಂಕಣಕ್ಕೆ ಮರಳುತ್ತಿದ್ದ ಇಬ್ಬರು ಹುಡುಗಿಯರು ಸೈಕಲ್ ತುಳಿದುಕೊಂಡು ಎದುರಾದರು. ಬೆಳಿಗ್ಗೆ ಎಡದಿಂದ ಹೊಡೆದಿದ್ದ ಗಾಳಿ ಆ ಹೊತ್ತಿಗೆ ಅವರಿಗೆ ಬಲದಿಂದ. ದೊಡ್ಡವಳು ಬಲಕ್ಕೆ, ಅರ್ಧ ಚಕ್ರ ಮುಂದೆ, ತಲೆ ತಗ್ಗಿಸಿ ತುಳಿಯುತ್ತಿದ್ದಳು. ಚಿಕ್ಕವಳು ಎಡಗಡೆ ಅವಳ ಮರೆಯಲ್ಲಿ ಏನೋ ಹರಟುತ್ತ ಬರುತ್ತಿದ್ದಳು. ದುರ್ಗದ ತಿರುವಿನವರೆಗೂ ಅವರು ಜಾಗ ಬದಲಿಸಲಿಲ್ಲ.