ಗಣಕಯಂತ್ರಕ್ಕೂ ವಿಳಾಸ ಬೇಕು

ಮಲೆನಾಡಿನಲ್ಲಿ ಪುಸ್ತಕಕ್ಕೆ ಶತ್ರುಗಳು ಎರಡು: ಮಳೆಗಾಲದ ತೇವ ಒಂದು, ಗೆದ್ದಲು ಇನ್ನೊಂದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯ ಹಳೆಯ ಮನೆಗಳಲ್ಲಿ ಅಜ್ಜನ ಕಾಲದ ಅಚ್ಚಿನ ಹೊತ್ತಗೆಗಳು ಹುಡಿಯಾಗುವ ಮುನ್ನ ಅವುಗಳ ಪುಟಗಳನ್ನು ಚಿತ್ರವಾಗಿ ಸೆರೆಹಿಡಿದರೆ, ಆ ಚಿತ್ರವನ್ನು ಓದಿ ಅಕ್ಷರಗಳನ್ನಾಗಿ ಮಾಡಿಕೊಡುವ ತಂತ್ರಾಂಶವೊಂದುಂಟು. ಅದರ ಹೆಸರು ಟೆಸರಾಕ್ಟ್. 1980ರ ದಶಕದಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ಹುಟ್ಟಿ, 2005ರಲ್ಲಿ ಮುಕ್ತ ತಂತ್ರಾಂಶವಾಗಿ ಲೋಕಕ್ಕೆ ದೊರೆತ ಅದು ಇಂದು ಕನ್ನಡವನ್ನೂ ಓದುತ್ತದೆ. ಸೋರ್ಸ್ ಕೋಡ್ ಎಂಬ ಅದರ ಮೂಲಬರಹವನ್ನು ತಂದು, ಯಾರು ಬೇಕಾದರೂ ತಮ್ಮ ಗಣಕಯಂತ್ರದಲ್ಲಿಯೇ ತಂತ್ರಾಂಶವನ್ನು ಕಟ್ಟಿಕೊಳ್ಳಬಹುದು.

ಆದರೆ ಕಟ್ಟಲು ಹೊರಟವರಲ್ಲಿ ಅನೇಕರು ನಡುವೆಯೇ ಕೈಚೆಲ್ಲುವುದುಂಟು. ‘ಕಡತ ಸಿಗಲಿಲ್ಲ’ ಎಂದು ಯಂತ್ರ ಹೇಳುತ್ತದೆ. ಕಡತವೋ ಕಣ್ಣೆದುರಿಗೇ ಇದೆ! ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತೆ. ಇಂಥಲ್ಲಿ ತಪ್ಪಿರುವುದು ಕಡತವಲ್ಲ, ಅದರ ವಿಳಾಸ.

‘ಚಿಕ್ಕಮಗಳೂರು ಜಿಲ್ಲೆ, ಕೊಪ್ಪ ತಾಲ್ಲೂಕು, ಹರಿಹರಪುರ’ ಎಂದು ಬರೆದರೆ ಕಾಗದ ಎಲ್ಲಿಂದ ಹೊರಟರೂ ಊರು ಸೇರುತ್ತದೆ. ಇದು ಪೂರ್ಣ ವಿಳಾಸ. ‘ಹರಿಹರಪುರ ದಾಟಿದರೆ ಸಿಗುವ ಪೇಟೆ’ ಎಂದರೆ? ಕೊಪ್ಪದಿಂದ ಹೊರಟವನಿಗೆ ಅದು ಶೃಂಗೇರಿ; ಶೃಂಗೇರಿಯಿಂದ ಹೊರಟವನಿಗೆ ಕೊಪ್ಪ! ಇದು ಸಾಪೇಕ್ಷ ವಿಳಾಸ. ಗಣಕಯಂತ್ರದಲ್ಲಿಯೂ ಎರಡು ಬಗೆಯೂ ಉಂಟು. ನಿಂತ ಫೋಲ್ಡರು ಬದಲಾದರೆ ಎರಡನೆಯದರ ಅರ್ಥವೂ ಬದಲಾಗುತ್ತದೆ. ಮೇಲಾಗಿ, ಒಂದಕ್ಷರ ತಪ್ಪಿದರೂ ಅಂಚೆಯವನು ಊಹಿಸಿಕೊಂಡಾನು, ಯಂತ್ರ ಊಹಿಸದು. ಲಿನಕ್ಸ್ ವ್ಯವಸ್ಥೆಗೆ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳೂ ಬೇರೆ ಬೇರೆಯೇ.

ಟೆಸರಾಕ್ಟನ್ನು ಕಟ್ಟುವಾಗ ತೊಡಕು ಮುಖ್ಯವಾಗಿ ಮೂರು ಕಡೆ ಬರುತ್ತದೆ. ಚಿತ್ರಗಳನ್ನು ನಿರ್ವಹಿಸುವ ಲೆಪ್ಟೋನಿಕಾ ಎಂಬ ಸಹಾಯಕ ತಂತ್ರಾಂಶ ಆರಂಭದಲ್ಲೇ ಸಿಗದೆಹೋಗಬಹುದು. ಅದರ ‘ಡೆವಲಪ್‌ಮೆಂಟ್’ ಭಾಗವನ್ನೂ ಸ್ಥಾಪಿಸಿ, ಬೇರೆಡೆ ಇದ್ದರೆ ‘ಪಿಕೆಜಿ ಕಾನ್ಫಿಗ್ ಪಾತ್’ ಎಂಬ ಸೂಚನೆಯಲ್ಲಿ ಆ ಜಾಗವನ್ನು ತಿಳಿಸಬೇಕು. ಕಟ್ಟಿ ಮುಗಿದ ಮೇಲೆ, ಹೊಸದಾಗಿ ಬಂದ ಲೈಬ್ರರಿಯ ಸುಳಿವು ಲಿನಕ್ಸಿಗೆ ಇಲ್ಲದೆಹೋಗಬಹುದು. ‘ಎಲ್‌ಡಿಕಾನ್ಫಿಗ್’ ಎಂಬ ಆಜ್ಞೆಯಿಂದ ಅದರ ಪಟ್ಟಿಯನ್ನು ಹೊಸದು ಮಾಡಬೇಕು. ಕೊನೆಗೆ, ಕನ್ನಡವನ್ನು ಓದಲು ಬೇಕಾದ ದತ್ತಾಂಶದ ಕಡತ ಸಿಗದಿರಬಹುದು. ಅದಿರುವ ‘ಟೆಸ್‌ಡೇಟಾ’ ಫೋಲ್ಡರಿನ ವಿಳಾಸವನ್ನು ‘ಟೆಸ್‌ಡೇಟಾ ಪ್ರಿಫಿಕ್ಸ್’ ಎಂಬಲ್ಲಿ ಕೊಡಬೇಕು.

ಈ ಕಡೆಯದರಲ್ಲಿ ಒಂದು ಸ್ವಾರಸ್ಯವಿದೆ. ಮೂರನೆಯ ಆವೃತ್ತಿಯವರೆಗೆ ಅಲ್ಲಿ ಕೊಡಬೇಕಾಗಿದ್ದುದು ಟೆಸ್‌ಡೇಟಾವನ್ನು ಒಳಗೊಂಡ ಮೇಲಿನ ಫೋಲ್ಡರಿನ ವಿಳಾಸ. 2018ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಿಂದ ಟೆಸ್‌ಡೇಟಾದ್ದೇ ವಿಳಾಸ. ಹಳೆಯ ಕೈಪಿಡಿಯನ್ನು ನಂಬಿದವನು ದಾರಿ ತಪ್ಪುತ್ತಾನೆ. ನರಸಿಂಹರಾಜಪುರಕ್ಕೂ ಮೊದಲು ಎಡೇಹಳ್ಳಿ ಎಂದೇ ಹೆಸರಿತ್ತು. 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಬಂದುಹೋದ ಮೇಲೆ ಹೆಸರು ಬದಲಾಯಿತು. ಊರು ಅದೇ, ಆದರೆ ಇಂದು ‘ಎಡೇಹಳ್ಳಿ’ಯ ಟಿಕೆಟು ಕೇಳಿದವನಿಗೆ ಬಸ್ಸಿನಲ್ಲಿ ತಬ್ಬಿಬ್ಬಾಗಬೇಕಾದೀತು.

ಆದುದರಿಂದ ದೋಷದ ಸಂದೇಶ ಬಂದಾಗ ಗಾಬರಿಯಾಗದೆ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು: ಯಂತ್ರ ಹುಡುಕುತ್ತಿರುವುದು ಏನನ್ನು? ಎಲ್ಲಿ ಹುಡುಕುತ್ತಿದೆ? ವಸ್ತು ನಿಜವಾಗಿ ಇರುವುದು ಎಲ್ಲಿ? ಮೊದಲೆರಡಕ್ಕೆ ಉತ್ತರ ಬಹುಮಟ್ಟಿಗೆ ಆ ಸಂದೇಶದಲ್ಲಿಯೇ ಇರುತ್ತದೆ. ಅದನ್ನು ಓದುವ ತಾಳ್ಮೆಯಿದ್ದವನ ಮನೆಯ ಪುಸ್ತಕ ಗೆದ್ದಲಿನ ಪಾಲಾಗದೆ ಮೊಮ್ಮಕ್ಕಳ ಪಾಲಾದೀತು.