ನಿಮಗಿದು ಗೊತ್ತೆ? ಮೈನಸ್ 1 ಕೂಡ 429 ಕೋಟಿ ಆಗಬಲ್ಲದು!
ಪ್ರೋಗ್ರಾಂ ಅನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್, ಚರಾಂಕಗಳ ಬೆಲೆ ಎಷ್ಟರಿಂದ ಎಷ್ಟರವರೆಗೆ ಇರಬಹುದೆಂದು (ಇದೇ ಅವುಗಳ ವ್ಯಾಪ್ತಿ) ಮೊದಲೇ ಲೆಕ್ಕ ಹಾಕುತ್ತದೆ. ಚಿಹ್ನೆಯಿಲ್ಲದ 8 ಬಿಟ್‌ಗಳಲ್ಲಿ 0ಯಿಂದ 255ರವರೆಗಷ್ಟೇ ಜಾಗ. ಹಾಗಾಗಿ ‘300ಕ್ಕಿಂತ ಕಡಿಮೆಯೇ?’ ಎಂಬ ತಪಾಸಣೆಯನ್ನು ಅದು ಕಿತ್ತುಹಾಕಬಲ್ಲದು.

ಅಪಾಯವಿರುವುದು ಟೈಪ್ (ಎಷ್ಟು ಬಿಟ್, ಚಿಹ್ನೆ ಇದೆಯೇ ಇಲ್ಲವೇ ಎಂಬುದು) ಅದಲುಬದಲಾದಾಗ. 32 ಬಿಟ್‌ಗಳ -1 ಅನ್ನು ಚಿಹ್ನೆಯಿಲ್ಲದ ಸಂಖ್ಯೆಯೆಂದು ಓದಿದರೆ ಅದು 4,29,49,67,295! ಹೀಗೆ ಎಡವಿದ ಕಂಪೈಲರ್ ಬೇಕಾದ ತಪಾಸಣೆಯನ್ನೇ ಅಳಿಸಿಬಿಡಬಹುದು. ಪ್ರೋಗ್ರಾಂ ಬರೆದವರು ತಮ್ಮ ಸಾಲುಗಳಲ್ಲಿ ಎಷ್ಟು ತಡಕಾಡಿದರೂ ತಪ್ಪು ಸಿಗದು. ಇದು ಬಹಳ ಕಾಡುವ ದೋಷ.

ಅದಕ್ಕೇ ಕಂಪೈಲರ್ ಎರಡು ವ್ಯಾಪ್ತಿಗಳನ್ನು ಸೇರಿಸುವ ಮುನ್ನ ಟೈಪ್ ಒಂದೇ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಪರಿವರ್ತಿಸಬೇಕು. 0ಯಿಂದ 300ರ ವ್ಯಾಪ್ತಿಯನ್ನು ಚಿಹ್ನೆಯಿಲ್ಲದ 8 ಬಿಟ್‌ಗೆ ಇಳಿಸಿದರೆ 256 ಮತ್ತೆ 0 ಆಗುತ್ತದೆ; ಆದ್ದರಿಂದ ಆಗ 0ಯಿಂದ 255ರವರೆಗೆ ಪೂರ್ತಿ ಹಿಡಿಯುವುದೇ ಸರಿ.