ಬಿಸಿಲ ಸೀಮೆಯ ಮಕ್ಕಳು ಮತ್ತು ‘ಡಿ’ ಜೀವಸತ್ವ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಬರವೇನಿದ್ದರೂ ಮಳೆಗೆ, ಬಿಸಿಲಿಗಲ್ಲ. ಪಾವಗಡದ ತಿರುಮಣಿ ಸುತ್ತ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ನಿಂತಿರುವುದೂ ಈ ಬಿಸಿಲನ್ನು ನಂಬಿಯೇ. ಆದರೆ ಬೆಳಿಗ್ಗೆ ಟ್ಯೂಷನ್, ಹಗಲೆಲ್ಲ ತರಗತಿ, ಸಂಜೆ ಮತ್ತೆ ಟ್ಯೂಷನ್ ಎನ್ನುವ ಎಸ್ಸೆಸ್ಸೆಲ್ಸಿ ಮಕ್ಕಳ ಮೈಗೆ ಅದು ತಾಕುವುದೆಷ್ಟು?

ಅತಿನೇರಳೆ ಕಿರಣ ಬಿದ್ದಾಗ ಚರ್ಮದಲ್ಲಿ ‘ಡಿ’ ಜೀವಸತ್ವ ತಯಾರಾಗುತ್ತದೆ. ಯಕೃತ್ತು, ಬಳಿಕ ಮೂತ್ರಪಿಂಡ ಅದನ್ನು ಕ್ಯಾಲ್ಸಿಟ್ರಯಾಲ್ ಎಂಬ ಹಾರ್ಮೋನಾಗಿ ಮಾರ್ಪಡಿಸುತ್ತವೆ. ಮೂಳೆಗೆ ಇದು ಬೇಕೆಂಬುದು ಪಠ್ಯದಲ್ಲೇ ಇದೆ. ಕೊಬ್ಬಿನ ಕೋಶಗಳಲ್ಲೂ ಇದರ ಗ್ರಾಹಕಗಳಿವೆ. ಆ ಗ್ರಾಹಕವೇ ಇಲ್ಲದಂತೆ ಬೆಳೆಸಿದ ಇಲಿಗಳು ಹೆಚ್ಚು ಶಕ್ತಿ ಉರಿಸಿ ಬಡಕಲಾಗಿಯೇ ಉಳಿದವು! ಶಕ್ತಿಯ ಲೆಕ್ಕಾಚಾರದಲ್ಲಿ ಈ ಹಾರ್ಮೋನಿಗೂ ಕೈಯಿದೆಯೆಂದಾಯಿತು.

ಹಾಗೆಂದು ‘ಡಿ’ ಮಾತ್ರೆ ನುಂಗಿದರೆ ಮೈ ಇಳಿಯುತ್ತದೆಂದು ಪೋಷಕರು ತಿಳಿಯಬಾರದು. ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಅಂಥ ಗುಣವೇನೂ ಖಚಿತವಾಗಿ ಕಂಡಿಲ್ಲ. ದಪ್ಪಗಿರುವವರ ರಕ್ತದಲ್ಲಿ ‘ಡಿ’ ಕಡಿಮೆ ಕಾಣುವುದಕ್ಕೆ ಅದು ಕೊಬ್ಬಿನಲ್ಲಿ ಹಂಚಿಹೋಗುವುದೂ ಒಂದು ಕಾರಣ. ಮಾತ್ರೆ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೇ ಕೇಡು. ವೈದ್ಯರನ್ನು ಕೇಳದೆ ಕೊಡಬಾರದು.

ಮುದ್ದೆಯ ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ‘ಡಿ’ ಇಲ್ಲ. ಎಳೆಬಿಸಿಲನ್ನು ನೆಚ್ಚಿದರೂ ಸಾಲದು; ಸೂರ್ಯ ಓರೆಯಾಗಿದ್ದಾಗ ಬೇಕಾದ ಕಿರಣಗಳು ವಾತಾವರಣದಲ್ಲೇ ಹೀರಿಹೋಗುತ್ತವೆ. ಕಿಟಕಿಯ ಗಾಜನ್ನಂತೂ ಅವು ದಾಟವು. ಹನ್ನೊಂದರ ಮೇಲಿನ ಬಿಸಿಲಲ್ಲಿ ತೋಳು, ಕಾಲು ತೋರುವಂತೆ ಸ್ವಲ್ಪ ಹೊತ್ತು ಆಡಿದರೆ ಲಾಭವಿದೆ. ಆಟದ ಪಿರಿಯಡ್ಡನ್ನೂ ಗಣಿತಕ್ಕೆ ಕಿತ್ತುಕೊಳ್ಳುವ ಶಾಲೆಗಳಲ್ಲಿ ಅದಕ್ಕೂ ಸಂಚಕಾರ.